ಬಾಗಿಲಿನಿಂದ ಹಿಂತಿರುಗಿದ ತಾಯಿ: ಮನಶ್ಚಿಕಿತ್ಸೆಯಲ್ಲಿ ಸಹಯೋಗತತ್ತ್ವದ ಉಗಮ

ಮನಶ್ಚಿಕಿತ್ಸೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಚಿಕಿತ್ಸಕರ ಸಿದ್ಧಾಂತಗಳ ವಂಶಾವಳಿಯನ್ನೇ ಬರೆದಿರುವರು. ಆದರೆ ಚಿಕಿತ್ಸೆಗೆ ಬಂದವನೂ ಆ ಕಾರ್ಯದಲ್ಲಿ ಸಮಭಾಗಿಯೆಂಬ ತತ್ತ್ವದ ಮೂಲವನ್ನು ಅರಸುತ್ತ ಹೋದರೆ, ಅದು ಮೊದಲು ಹೊರಟದ್ದು ಎದುರಿಗೆ ಕುಳಿತವರ ಬಾಯಿಂದಲೇ ಎಂಬುದು ಕಂಡುಬರುತ್ತದೆ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಹಿಸ್ಟೀರಿಯಾವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಎಮ್ಮಿ ಎಂಬ ಕಲ್ಪಿತ ನಾಮದ ಮಹಿಳೆಯೊಬ್ಬಳು, ಇದು ಎಲ್ಲಿಂದ ಬಂತು, ಅದು ಎಲ್ಲಿಂದ ಬಂತು ಎಂದು ಪದೇ ಪದೇ ಕೆದಕದೆ, ತನಗೆ ಹೇಳಬೇಕೆನಿಸಿದ್ದನ್ನು ಹೇಳಗೊಡಬೇಕೆಂದು ಫ್ರಾಯ್ಡನ ಮೇಲೆ ಸಿಡುಕಿದ ಪ್ರಸಂಗವಿದೆ. ಫ್ರಾಯ್ಡನು ಒಪ್ಪಿದನು, ಕೇಳಿದ ಮಾತಿಗೆ ಅರ್ಥ ಹೇಳುವ ಅಧಿಕಾರವನ್ನು ಮಾತ್ರ ತನ್ನಲ್ಲಿಯೇ ಉಳಿಸಿಕೊಂಡನು.

ಆ ಅಧಿಕಾರವನ್ನು ಕೈಬಿಟ್ಟವನು ಅಮೆರಿಕದ ಕಾರ್ಲ್ ರಾಜರ್ಸ್ (1902–1987). 1928ರಿಂದ ಹನ್ನೆರಡು ವರ್ಷ ರಾಚೆಸ್ಟರ್ ನಗರದಲ್ಲಿ ತುಂಟ, ಅನಾಥ, ಅಪರಾಧಿ ಮಕ್ಕಳ ನಡುವೆ ದುಡಿದ ಈತನ ಬಳಿಗೆ ಒಬ್ಬ ಪುಂಡ ಹುಡುಗನ ತಾಯಿ ಬರುತ್ತಿದ್ದಳು. ಶೈಶವದಲ್ಲಿ ಮಗನನ್ನು ಅವಳು ಮನಸಾರೆ ಸ್ವೀಕರಿಸದಿದ್ದುದೇ ಸಕಲ ದೋಷಗಳ ಬೀಜವೆಂದು ನಿರ್ಣಯಿಸಿದ್ದ ರಾಜರ್ಸನು, ಅವಳದೇ ಮಾತುಗಳನ್ನು ಒಂದೊಂದಾಗಿ ಮುಂದಿಟ್ಟು, ಎಷ್ಟೋ ಭೇಟಿಗಳಲ್ಲಿ ಅದನ್ನು ನಯವಾಗಿ ಮನಗಾಣಿಸಲು ಹೆಣಗಿ, ಕೊನೆಗೆ ಸೋತು, ಇನ್ನು ನಿಲ್ಲಿಸೋಣವೆಂದನು. ಆಕೆಯೂ ಒಪ್ಪಿ ಕೈಕುಲುಕಿ ಬಾಗಿಲವರೆಗೆ ನಡೆದವಳು, ತಿರುಗಿ ನಿಂತು, ಇಲ್ಲಿ ದೊಡ್ಡವರಿಗೂ ನೆರವು ಸಿಗುವುದೇ ಎಂದು ಕೇಳಿದಳು. ಸಿಗುವುದೆಂದೊಡನೆ ಅದೇ ಕುರ್ಚಿಗೆ ಮರಳಿ, ಗಂಡನೊಡನೆ ಹದಗೆಟ್ಟ ತನ್ನ ಬಾಳಿನ ಕಥೆಯನ್ನು ತೋಡಿಕೊಂಡಳು. ಅಚ್ಚುಕಟ್ಟಾಗಿ ಬರೆದಿಟ್ಟ ಹಿಂದಿನ ವೃತ್ತಾಂತಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ನೋವೆಲ್ಲಿದೆ, ಯಾವ ದಿಕ್ಕಿಗೆ ಹೋಗಬೇಕು ಎಂಬುದನ್ನು ಬಂದವನೇ ಬಲ್ಲನೆಂಬ ತನ್ನ ನಂಬಿಕೆಗೆ ಈ ಪ್ರಸಂಗವೂ ಒಂದು ಕಾರಣವೆಂದು ರಾಜರ್ಸನು 1961ರಲ್ಲಿ ಬರೆದನು.

1942ರ ಗ್ರಂಥದಲ್ಲಿ ಅವನು 'ರೋಗಿ' ಎಂಬುದನ್ನು ತೊರೆದು 'ಕ್ಲೈಂಟ್' ಎಂಬ ಪದವನ್ನು ಬಳಕೆಗೆ ತಂದನು. ಕನ್ನಡದಲ್ಲಿ ಅದನ್ನು ಕಕ್ಷಿದಾರನೆಂದರೆ ಕೋರ್ಟಿನ ವಾಸನೆ ಹೊಡೆಯುತ್ತದೆ. ಇನ್ನು ನಾವು ಕೌನ್ಸೆಲಿಂಗ್ ವಿದ್ಯೆಗೆ ಇಟ್ಟಿರುವ 'ಆಪ್ತಸಲಹೆ' ಎಂಬ ಹೆಸರೋ, ಸಲಹೆಯನ್ನೇ ಕೊಡಲೊಲ್ಲದ ಈ ಮನುಷ್ಯನನ್ನು ನಗಿಸುತ್ತಿತ್ತೇನೋ!

ನನ್ನ ಎಣಿಕೆಯಲ್ಲಿ, ಆ ಗ್ರಂಥದ ನಿಜವಾದ ಕ್ರಾಂತಿ ಪದದಲ್ಲಿರುವುದಕ್ಕಿಂತ ಯಂತ್ರದಲ್ಲಿದೆ. ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ರಾಜರ್ಸನೂ ಅವನ ಶಿಷ್ಯರೂ ಸಂದರ್ಶನಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಕೊರೆಯತೊಡಗಿದರು. ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರೇ ನಿಮಿಷದ ಮಾತು. ಆದಕಾರಣ ಒಂದು ತಟ್ಟೆ ತುಂಬುವಷ್ಟರಲ್ಲಿ ಮತ್ತೊಂದನ್ನು ತಿರುಗಿಸಲು ಅಣಿಮಾಡಿರಬೇಕಾಗಿತ್ತು. ಹರ್ಬರ್ಟ್ ಬ್ರಯನ್ ಎಂಬ ಮಾರುವೆಸರಿನ ಯುವಕನ ಎಂಟು ಭೇಟಿಗಳು ಹೀಗೆ ಆದ್ಯಂತ ಅಚ್ಚಾದುವು. ಅಲ್ಲಿಯವರೆಗೆ ಚಿಕಿತ್ಸಕನ ನೆನಪೇ ಸಾಕ್ಷಿಯಾಗಿತ್ತು. ಈಗ ಅವನ ಆಕಳಿಕೆ, ಅವಸರ, ನಡುವೆ ಬಾಯಿಹಾಕುವ ಚಾಳಿ ಎಲ್ಲವೂ ಅವನ ಕಿವಿಗೇ ಬೀಳತೊಡಗಿದುವು. ಶಿಷ್ಯನಾದ ಪೋರ್ಟರನು ಇಂತಹ ಧ್ವನಿಮುದ್ರಿಕೆಗಳಲ್ಲಿ ಪದಗಳನ್ನೆಣಿಸಲಾಗಿ, ದಾರಿ ತೋರಿಸಹೊರಟ ಸಲಹೆಗಾರರು ಹಾಗೆ ಮಾಡದವರಿಗಿಂತ ಸುಮಾರು 6 ಪಟ್ಟು ಹೆಚ್ಚು ಮಾತಾಡುತ್ತಿದ್ದುದು ಬಯಲಾಯಿತು.

ದಾರಿ ತೋರಿಸದೆ ಆಲಿಸುವ ಈ ವಿಧಾನ ಅನುಯಾಯಿಗಳ ಕೈಯಲ್ಲಿ ಗಿಳಿಪಾಠವಾದುದನ್ನೂ, ಬಂದವನ ಕೊನೆಯ ಮಾತನ್ನು ತಿರುಗಿ ಹೇಳುವುದೇ ಆಲಿಸುವಿಕೆಯೆಂಬ ಅಪಹಾಸ್ಯಕ್ಕೆ ಗುರಿಯಾದುದನ್ನೂ ಕಂಡು ರಾಜರ್ಸನು ನೊಂದನು. ಅಪಹಾಸ್ಯಕ್ಕೆ ಆಸ್ಪದವಿಲ್ಲದೆಯೂ ಇರಲಿಲ್ಲ. ಬರಿಯ ಆಲಿಸುವಿಕೆಯಿಂದ ಮುಂದೆ ಹೋಗಿ, ಗುರಿಯನ್ನೂ ಅದಕ್ಕಾಗಿ ಮಾಡುವ ಕೆಲಸವನ್ನೂ ಇಬ್ಬರೂ ಕೂಡಿ ಒಪ್ಪಿಕೊಳ್ಳಬೇಕೆಂಬ ವಿಚಾರಕ್ಕೆ, ಪರಸ್ಪರ ಬಾಂಧವ್ಯವನ್ನೂ ಸೇರಿಸಿ, ಸ್ಪಷ್ಟ ರೂಪ ಕೊಟ್ಟದ್ದು 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಬರೆದ ಲೇಖನ. ಅದೇ ವರ್ಷ ಏರನ್ ಬೆಕ್ ಮತ್ತು ಸಂಗಡಿಗರು ಖಿನ್ನತೆಯ ಚಿಕಿತ್ಸೆಯನ್ನು ಕುರಿತ ಗ್ರಂಥದಲ್ಲಿ ವೈದ್ಯನನ್ನೂ ರೋಗಿಯನ್ನೂ ಜೊತೆಗೂಡಿ ಪರೀಕ್ಷೆ ನಡೆಸುವ ಇಬ್ಬರು ಸಂಶೋಧಕರಂತೆ ಕಂಡರು. 'ನಾನು ಯಾವುದಕ್ಕೂ ಬಾರದವನು' ಎಂಬ ಯೋಚನೆ ಸುಳಿದ ಹೊತ್ತು, ಆಗಿನ ಸಂದರ್ಭ, ಅದಕ್ಕೆ ಹೊಂದುವ ಮರುತ್ತರ, ಇಷ್ಟನ್ನು ಸಾಲುಸಾಲಾಗಿ ಮನೆಯಲ್ಲಿ ಬರೆದಿಡುವವನು ರೋಗಿಯೇ. ಮರುವಾರದ ಮಾತುಕತೆ ಆ ಹಾಳೆಯನ್ನು ಇಬ್ಬರ ನಡುವೆ ಮೇಜಿನ ಮೇಲೆ ಹರಡಿಕೊಂಡ ಮೇಲೆ ಮುಂದುವರಿಯುತ್ತದೆ.