ಬೆಂಚು ನಮ್ಮದು, ಮಾಷ್ಟ್ರು ಯಾರದ್ದು? – ಶಾಲೆಯ ಯೋಜನೆಯಲ್ಲಿ ಊರವರ ಪಾಲು

ಗ್ರಾಮಸಭೆಯ ನೋಟೀಸು ಬಂದಾಗ ನಮ್ಮಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ "ಈ ಸಲ ಎಂತ ಕೊಡ್ತಾರೆ?" ಎಂದು. ಮನೆ ರಿಪೇರಿಗೆ ಸಹಾಯಧನವೋ, ತೆಂಗಿಗೆ ಗೊಬ್ಬರವೋ, ಆಡು-ಕೋಳಿಯೋ... ಪಟ್ಟಿಯಲ್ಲಿ ಹೆಸರು ಬಂದರೆ ಸಭೆ ಮುಗಿದಂತೆ. ಅದೇ ಸಭೆಯಲ್ಲಿ ಕೂತು ಊರಿನ ಶಾಲೆಗೆ ಮುಂದಿನ ವರ್ಷ ಏನು ಬೇಕು ಎಂದು ತೀರ್ಮಾನ ಮಾಡುವ ಹಕ್ಕೂ ನಮಗೆ ಉಂಟು ಎಂಬುದು ನೆನಪಿರುವವರು ಕಡಿಮೆ. ಈ ಹಕ್ಕು ಒಂದೇ ದಿನದಲ್ಲಿ ಬಂದದ್ದಲ್ಲ. ಅದು ಎಲ್ಲಿಂದ ಬಂತು, ಎಲ್ಲಿ ನಿಂತಿತು, ಗಡಿನಾಡಿನ ಕನ್ನಡ ಶಾಲೆಗೆ ಅದರಿಂದ ಸಿಕ್ಕಿದ್ದೇನು ಎಂಬ ಲೆಕ್ಕವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ತಲಪಾಡಿಯ ಆಚೆಗಿನ ಓದುಗರಿಗಾಗಿ ಎರಡು ಮಾತು. ಮಧೂರು ಎಂದರೆ ನಿಮಗೆ ಗೊತ್ತಿರುವುದು ಮಧುವಾಹಿನಿಯ ದಡದ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನ. ನಮಗೆ ಅದೊಂದು ಗ್ರಾಮ ಪಂಚಾಯತು ಕೂಡಾ. ಇಲ್ಲಿ ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡ, ಮತ್ತೊಂದರಲ್ಲಿ ಮಲಯಾಳ, ಇನ್ನೊಂದರಲ್ಲಿ ಕೊಂಕಣಿ. ಕನ್ನಡ ಮಾಧ್ಯಮಕ್ಕೆ ಬರುವ ಎಷ್ಟೋ ಮಕ್ಕಳಿಗೆ ಕನ್ನಡ ಮನೆಮಾತೇ ಅಲ್ಲ, ಶಾಲೆಯ ಮಾತು. ಶಾಲೆಗಳ ಮೇಲ್ವಿಚಾರಣೆಗೆ ಕೇರಳದಲ್ಲಿ 'ಶೈಕ್ಷಣಿಕ ಜಿಲ್ಲೆ' ಎಂಬ ವಿಭಾಗ ಉಂಟು. ಅದಕ್ಕೆ ಡಿ.ಇ.ಒ., ಅದರ ಕೆಳಗಿನ ಉಪಜಿಲ್ಲೆಗೆ ಎ.ಇ.ಒ. ನಮ್ಮದು ಕಾಸರಗೋಡು ಶೈಕ್ಷಣಿಕ ಜಿಲ್ಲೆ. ಅಮೆರಿಕದಲ್ಲೂ ಶಾಲಾ ಜಿಲ್ಲೆಗಳಿವೆಯಂತೆ ಎಂದು ಯಾರಾದರೂ ಹೋಲಿಸಿದರೆ ವ್ಯತ್ಯಾಸ ನೆನಪಿರಲಿ. ಅಲ್ಲಿ ಹೆಚ್ಚಿನ ಕಡೆ ಜನರೇ ಆರಿಸಿದ ಮಂಡಳಿ ಶಾಲೆಗಳನ್ನು ನಡೆಸುತ್ತದೆ. ನಮ್ಮ ಶೈಕ್ಷಣಿಕ ಜಿಲ್ಲೆ ಅಧಿಕಾರಿಗಳ ಜಿಲ್ಲೆ. ಜನ ಅದರೊಳಗೆ ಬರಬೇಕಾದರೆ ಬೇರೆ ಬಾಗಿಲು ಹುಡುಕಬೇಕು.

ಹಿಂದೆ ಬಾಗಿಲಿನ ಪ್ರಶ್ನೆಯೇ ಇರಲಿಲ್ಲ. ಐಗಳ ಮಠದ ಕಾಲದಲ್ಲಿ ಊರವರೇ ಐಗಳನ್ನು ಕರೆತಂದು, ಉಳಿಯಲು ಜಾಗ ಕೊಟ್ಟು, ಅಕ್ಕಿ-ಕಾಯಿ ಕೊಟ್ಟು ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಎಲ್ಲರ ಮಕ್ಕಳಿಗೂ ಅಲ್ಲಿ ಜಾಗ ಇತ್ತು ಎಂದು ಹೇಳಲಾರೆ. ಜಾತಿ, ಹೆಣ್ಣು-ಗಂಡು ಎಂಬ ಗೋಡೆಗಳು ಗಟ್ಟಿಯಾಗಿದ್ದವು. ಆದರೆ ಯಾರು ಕಲಿಸಬೇಕು, ಯಾವ ಭಾಷೆಯಲ್ಲಿ ಕಲಿಸಬೇಕು ಎಂಬ ತೀರ್ಮಾನ ಊರೊಳಗೇ ಆಗುತ್ತಿತ್ತು. ಆಮೇಲೆ ಊರಿನ ಉಳ್ಳವರು ಮುಳಿಹುಲ್ಲಿನ ಮಾಡಿನ ಕೆಳಗೆ ಶಾಲೆ ತೆರೆದು ಸರಕಾರದ ಗ್ರಾಂಟು ಪಡೆದರು. ಇಂದಿನ ಎಷ್ಟೋ ಅನುದಾನಿತ ಶಾಲೆಗಳ ಬೇರು ಅಲ್ಲಿದೆ.

ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1920ರಲ್ಲಿ ಮದರಾಸು ಪ್ರಾಥಮಿಕ ಶಿಕ್ಷಣ ಕಾಯಿದೆ ಬಂತು. ಅದರಂತೆ ಜಿಲ್ಲೆಗೊಂದು ಶಿಕ್ಷಣ ಮಂಡಳಿ. ಎಲ್ಲಿ ಶಾಲೆ ಇದೆ, ಎಲ್ಲಿ ಇಲ್ಲ ಎಂದು ನೋಡಿ ವಿಸ್ತರಣೆಯ ಯೋಜನೆ ಮಾಡುವುದು ಅದರ ಕೆಲಸ. ಸ್ಥಳೀಯ ಬೋರ್ಡುಗಳು ಶಿಕ್ಷಣ ತೆರಿಗೆ ಹಾಕಬಹುದು, ಹಾಕಿದರೆ ಸರಕಾರವೂ ಪಾಲು ಕೊಡುತ್ತದೆ ಎಂಬ ಏರ್ಪಾಡೂ ಇತ್ತು. ಜಿಲ್ಲೆಯ ಶಾಲೆಗಳ ಮುಂದಿನ ದಾರಿಯನ್ನು ಜಿಲ್ಲೆಯವರೇ ಕೂತು ಯೋಚಿಸಬೇಕು ಎಂಬ ಆಲೋಚನೆ ಕಾನೂನಿನ ರೂಪದಲ್ಲಿ ನಮ್ಮೂರಿಗೆ ಬಂದದ್ದು ಹೀಗೆ, ನೂರು ವರ್ಷಗಳ ಹಿಂದೆ! ಆದರೆ ಮಂಡಳಿಯಲ್ಲಿ ಕೂತವರು ದೊಡ್ಡವರು, ಸಾಮಾನ್ಯ ರಕ್ಷಕರಲ್ಲ. ಆ ಮಂಡಳಿಗಳು ಬಹುಕಾಲ ಬಾಳಲೂ ಇಲ್ಲ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಮೊದಲು ಮಲಬಾರ್ ಜಿಲ್ಲೆ, 1957ರ ಜನವರಿಯಿಂದ ಕಣ್ಣೂರು ಜಿಲ್ಲೆ. ಕಾಸರಗೋಡೇ ಒಂದು ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಈ ಮಧ್ಯೆ, 1967ರಲ್ಲಿ, ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ ಹೇಳಿತು. ಮಧೂರು ಆ ಭಾಗದಲ್ಲೇ ಇದೆ. ವರದಿ ಜಾರಿಗೆ ಬರಲಿಲ್ಲ. ನಮ್ಮ ಹಿರಿಯರ ಶಕ್ತಿಯೆಲ್ಲ ಆ ಚಳುವಳಿಗೆ ಹೋಯಿತು, ಹೋಗಬೇಕಾದದ್ದೇ. ಆದರೆ ಅದೇ ಹೊತ್ತಿಗೆ ಶಾಲೆಯ ವಿಷಯದಲ್ಲಿ ಕೇರಳದೊಳಗೆ ನಡೆದ ಒಂದು ಸಂಗತಿ ನಮ್ಮ ಗಮನಕ್ಕೆ ಅಷ್ಟಾಗಿ ಬರಲಿಲ್ಲ.

ಅದು ಜೋಸೆಫ್ ಮುಂಡಶ್ಶೇರಿ ಅವರು ಮಂತ್ರಿಯಾಗಿದ್ದಾಗ ತಂದ ಶಿಕ್ಷಣ ಮಸೂದೆ. 1957ರಲ್ಲಿ ಮಂಡನೆಯಾಗಿ, ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಹೋಗಿ ಬಂದು, 1959ರ ಜೂನ್ 1ರಿಂದ ಜಾರಿಗೆ ಬಂತು. ಆಮೇಲೆ ನಡೆದ 'ವಿಮೋಚನಾ ಸಮರ', ಸರಕಾರದ ವಜಾ ಎಲ್ಲ ಎಲ್ಲರಿಗೂ ಗೊತ್ತು. ಗಲಾಟೆಯಲ್ಲಿ ಮುಚ್ಚಿಹೋದ ಒಂದು ಭಾಗ ಆ ಕಾಯಿದೆಯೊಳಗಿದೆ. ಜನರನ್ನು ಶಿಕ್ಷಣದ ಆಡಳಿತದೊಂದಿಗೆ ಸೇರಿಸಿಕೊಳ್ಳಲು, ಶಾಲೆಯ ಬಗ್ಗೆ ಊರಿನವರ ಆಸಕ್ತಿ ಉಳಿಸಿ ಬೆಳೆಸಲು, 'ಸ್ಥಳೀಯ ಶಿಕ್ಷಣ ಪ್ರಾಧಿಕಾರ'ಗಳನ್ನು ಸ್ಥಾಪಿಸಬಹುದು ಎಂದು ಅಲ್ಲಿ ಬರೆದಿದೆ. 'ಬಹುದು' ಎಂಬ ಆ ಒಂದು ಪದ ಎಷ್ಟು ಭಾರ! ಶಾಲೆಯ ನಿಜವಾದ ಅಧಿಕಾರ ಎ.ಇ.ಒ., ಡಿ.ಇ.ಒ. ಕಚೇರಿಗಳಲ್ಲಿ, ಅನುದಾನಿತ ಶಾಲೆಯಾದರೆ ಮೇನೇಜರರ ಕೈಯಲ್ಲಿ ಉಳಿಯಿತು. ರಕ್ಷಕರಿಗೆ ಉಳಿದದ್ದು ರಕ್ಷಕ-ಶಿಕ್ಷಕ ಸಂಘದ ಮಹಾಸಭೆ, ವಾರ್ಷಿಕೋತ್ಸವದ ಚಂದಾ.

ಆದರೂ ಶಾಲೆ ಮತ್ತು ಪಂಚಾಯತನ್ನು ಒಂದೇ ಕಣ್ಣಿನಲ್ಲಿ ನೋಡಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕಯ್ಯಾರ ಕಿಞ್ಞಣ್ಣ ರೈಗಳನ್ನು ನಾವು ಕವಿಯಾಗಿ, ಏಕೀಕರಣದ ಹೋರಾಟಗಾರರಾಗಿ ನೆನೆಯುತ್ತೇವೆ. ಅವರು ಪೆರಡಾಲದ ನವಜೀವನ ಪ್ರೌಢಶಾಲೆಯ ಅಧ್ಯಾಪಕರಾಗಿದ್ದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಅಧ್ಯಾಪಕನಿಗೆ ಊರಿನ ಆಡಳಿತದಲ್ಲಿ ಏನು ಕೆಲಸ ಎಂದು ಕೇಳುವವರಿಗೆ ನಮ್ಮ ಪಕ್ಕದ ಪಂಚಾಯತಿನಲ್ಲೇ ಉತ್ತರ ಇತ್ತು.

ಎರಡನೆಯ ಬಾಗಿಲು ತೆರೆದದ್ದು 1990ರ ದಶಕದಲ್ಲಿ. 1991ರ ಏಪ್ರಿಲಿನಲ್ಲಿ ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಣೆಯಾಯಿತು. 1994ರಲ್ಲಿ ಡಿ.ಪಿ.ಇ.ಪಿ. ಎಂಬ ಪ್ರಾಥಮಿಕ ಶಿಕ್ಷಣದ ಯೋಜನೆ ಕೇರಳಕ್ಕೆ ಬಂದಾಗ ಮೊದಲ ಹಂತಕ್ಕೆ ಆಯ್ಕೆಯಾದ ಮೂರು ಜಿಲ್ಲೆಗಳು ಕಾಸರಗೋಡು, ವಯನಾಡು ಮತ್ತು ಮಲಪ್ಪುರಂ. ವಿಶ್ವಬ್ಯಾಂಕಿನ ಸಾಲದ ಹಣ ಎಂದು ಅದನ್ನು ವಿರೋಧಿಸಿದವರೂ ಇದ್ದರು. ಆದರೆ ಯೋಜನೆ ಜಿಲ್ಲೆಯಲ್ಲೇ ತಯಾರಾಗಬೇಕು, ಊರಿನವರು ಅದರಲ್ಲಿರಬೇಕು ಎಂಬ ಮಾತು ಅದರಲ್ಲಿತ್ತು. ಬಿ.ಆರ್.ಸಿ., ಕ್ಲಸ್ಟರ್ ಸಭೆ, ಚಟುವಟಿಕೆಯ ಪಾಠ ಎಲ್ಲ ನಮ್ಮ ಬಾಯಿಗೆ ಬಂದದ್ದು ಆಗಲೇ.

ಆಮೇಲೆ ಬಂದದ್ದು ದೊಡ್ಡ ಅಲೆ. 73ನೇ ತಿದ್ದುಪಡಿಯ ನಂತರ 1994ರಲ್ಲಿ ಕೇರಳದ ಪಂಚಾಯತು ಕಾಯಿದೆ ಆಯಿತು. ಸರಕಾರಿ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತಿಗೆ, ಸರಕಾರಿ ಹೈಸ್ಕೂಲುಗಳು ಜಿಲ್ಲಾ ಪಂಚಾಯತಿಗೆ ಬಂದವು. 1996ರ ಆಗಸ್ಟ್ 17, ಮಲಯಾಳಿಗಳ ಚಿಂಗಂ ಒಂದು (ತುಳುವರಿಗೆ ಸೋಣ ತಿಂಗಳ ಮೊದಲ ದಿನ) 'ಜನಕೀಯಾಸೂತ್ರಣ' ಶುರುವಾಯಿತು. ನಾವು ಜನತಾ ಯೋಜನೆ ಎಂದೆವು. ರಾಜ್ಯದ ಯೋಜನಾ ಹಣದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದು, ಅದನ್ನು ಹೇಗೆ ಖರ್ಚು ಮಾಡಬೇಕೆಂದು ಜನರೇ ಹೇಳುವುದು. ದೇಶದಲ್ಲಿ ಎಲ್ಲೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಹೀಗೆ ಆಗಿರಲಿಲ್ಲ.

ಅದರ ಕ್ರಮ ಹೀಗಿತ್ತು. ಮೊದಲು ವಾರ್ಡಿನ ಗ್ರಾಮಸಭೆ. ಅಲ್ಲಿ ಜನ ಗುಂಪುಗಳಾಗಿ ಕೂರುವುದು: ಕೃಷಿಗೊಂದು, ಆರೋಗ್ಯಕ್ಕೊಂದು, ಶಿಕ್ಷಣಕ್ಕೊಂದು. ಗುಂಪುಗಳು ಹೇಳಿದ್ದನ್ನು ಸೇರಿಸಿ, ಕಚೇರಿಗಳ ಅಂಕಿ-ಅಂಶ ಕೂಡಿಸಿ, ಪಂಚಾಯತಿನ ಅಭಿವೃದ್ಧಿ ವರದಿ. ಅದರ ಮೇಲೆ ವಿಚಾರ ಸಂಕಿರಣ. ಆಮೇಲೆ ಕಾರ್ಯಪಡೆ ಕೂತು ಒಂದೊಂದು ಯೋಜನೆಯನ್ನು ಖರ್ಚಿನ ಸಮೇತ ಬರೆಯುವುದು. ಶಿಕ್ಷಣದ ಯೋಜನೆಗಳನ್ನು ಜಾರಿ ಮಾಡುವ ಹೊಣೆ ಸಾಮಾನ್ಯವಾಗಿ ಊರಿನ ಒಂದು ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಹೆಗಲಿಗೆ. ಹೀಗೆ ಪಾಠ ಮಾಡಿಕೊಂಡಿದ್ದ ಹೆಡ್‌ಮಾಷ್ಟ್ರು ಬಿಲ್ಲು, ವೋಚರು, ಟ್ರೆಶರಿ ಎಂದು ಓಡುವುದೂ ಶುರುವಾಯಿತು!

ಗಡಿನಾಡಿನವರಿಗೆ ಇದರಲ್ಲಿ ಇನ್ನೊಂದು ಕಷ್ಟ. ಯೋಜನೆಯ ಮಾತೆಲ್ಲ ಮಲಯಾಳದ್ದು. ಅಕ್ಷರ ಬಾರದಿದ್ದರೆ ಕಲಿಯಬಹುದು. ಆದರೆ ಪದ ಒಂದೇ ಇದ್ದು ಅರ್ಥ ಬೇರೆಯಾದರೆ? ಮಲಯಾಳದಲ್ಲಿ 'ಪದ್ಧತಿ' ಎಂದರೆ ಯೋಜನೆ, ನಮಗೆ ಅದು ರೂಢಿ. ಅವರ 'ಅಪೇಕ್ಷೆ' ಅರ್ಜಿ, ನಮಗೆ ಆಸೆ. ಅವರ 'ಯೋಗಂ' ಸಭೆ, ನಮ್ಮ ಯೋಗ ಹಣೆಬರಹ. 'ಕರಡು' ಒಂದು ಮಾತ್ರ ಎರಡೂ ಕಡೆ ಕರಡೇ. ನಗುವ ವಿಷಯವಾದರೂ ಸಭೆಯಲ್ಲಿ ಕೂತ ಒಬ್ಬ ತಾಯಿಗೆ ಇದು ನಗುವ ವಿಷಯ ಅಲ್ಲ. ಅರ್ಧ ಅರ್ಥವಾದ ಮಾತಿಗೆ ಪೂರ್ತಿ ಒಪ್ಪಿಗೆಯ ಸಹಿ ಬೀಳುತ್ತದೆ. ಯೋಜನೆಯಲ್ಲಿ ಜನರ ಪಾಲು ಎನ್ನುವುದು ಮೊದಲು ಭಾಷೆಯ ಪ್ರಶ್ನೆ, ಆಮೇಲೆ ಹಣದ ಪ್ರಶ್ನೆ.

ಜನತಾ ಯೋಜನೆಯಿಂದ ಶಾಲೆಗಳಿಗೆ ಬಂದದ್ದೇನು? ನ್ಯಾಯವಾಗಿ ಹೇಳಬೇಕೆಂದರೆ ಬಹಳ. ಬಾವಿ, ಶೌಚಾಲಯ, ಆವರಣ ಗೋಡೆ, ಅಡುಗೆ ಕೋಣೆ, ಬೆಂಚು-ಡೆಸ್ಕು, ಆಮೇಲೆ ಕಂಪ್ಯೂಟರು. ಮಾಡು ಸೋರುವ ಸರಕಾರಿ ಶಾಲೆಗೆ ತಿರುವನಂತಪುರದ ಆಜ್ಞೆ ಬರುವವರೆಗೆ ಕಾಯಬೇಕಾಗಿಲ್ಲ ಎಂಬುದು ಸಣ್ಣ ಬದಲಾವಣೆಯಲ್ಲ. ಅನುದಾನಿತ ಶಾಲೆಗಳಿಗೆ ಮಾತ್ರ ಇದರ ಪಾಲು ಕಡಿಮೆ, ಅಲ್ಲಿ ಕಟ್ಟಡ ಮೇನೇಜರರ ಹೊಣೆ.

ಆದರೆ ಏನು ಬರಲಿಲ್ಲ ಎಂಬುದನ್ನೂ ನೋಡಬೇಕು. ಅಧ್ಯಾಪಕರ ನೇಮಕ ಪಂಚಾಯತಿಗೆ ಬರಲಿಲ್ಲ, ಅದು ಪಿ.ಎಸ್.ಸಿ.ಯ ಕೆಲಸ. ಪಠ್ಯ ಬರಲಿಲ್ಲ. ಒಂದು ಡಿವಿಷನ್ ಉಳಿಯಬೇಕೋ ಹೋಗಬೇಕೋ ಎಂಬ ತೀರ್ಮಾನವೂ ಬರಲಿಲ್ಲ. ಶಾಲೆ ಶುರುವಾಗಿ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಮಕ್ಕಳು ಕಡಿಮೆಯಾದರೆ 'ಡಿವಿಷನ್ ಫಾಲ್', ಪೋಸ್ಟು ಹೋಯಿತು. ಕನ್ನಡ, ಮಲಯಾಳ ಎರಡೂ ಮಾಧ್ಯಮಗಳಿರುವ ಶಾಲೆಯಲ್ಲಿ ಕನ್ನಡದ ಡಿವಿಷನ್ ಹೋಗುವುದೆಂದರೆ ಊರಿನಲ್ಲಿ ಒಂದು ಭಾಷೆಯ ಶಾಲೆಯೇ ಹೋದಂತೆ. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ನೇಮಕವಾಗಿ ಬಂದಾಗ ರಕ್ಷಕರು ಶಾಲೆಯ ಎದುರು ಕೂತದ್ದು ಈ ಜಿಲ್ಲೆಯಲ್ಲಿ ಒಂದು ಸಲವಲ್ಲ. ತಾವೇ ಗ್ರಾಮಸಭೆಯಲ್ಲಿ ಕೇಳಿ ತಂದ ಬೆಂಚಿನಲ್ಲಿ ತಮ್ಮ ಮಕ್ಕಳು ಅರ್ಥವಾಗದ ಪಾಠ ಕೇಳಿಕೊಂಡು ಕೂತಿರುವುದನ್ನು ಆ ರಕ್ಷಕರು ನೋಡಬೇಕಾಯಿತು. ಬೆಂಚು ನಮ್ಮದು, ಮಾಷ್ಟ್ರು ಯಾರದ್ದು ಎಂದು ನಾನು ಕೇಳುವುದು ಇದಕ್ಕೇ.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಶಾಲೆಯಲ್ಲಿ 40, ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರು ಬೇಕೆಂದಿತ್ತು. ಕಾಗದದಲ್ಲಿ ನಾವು ಬಡವರಲ್ಲ. ಇತ್ತ 2017ರಲ್ಲಿ ಎಲ್ಲ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾದಾಗ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯಿದೆ. ಕಾಸರಗೋಡಿನಲ್ಲಿ ಕನ್ನಡಿಗರು ಬೀದಿಗಿಳಿದರು. ಮಲಯಾಳ ಕಲಿಯಬಾರದೆಂದು ನಾನು ಹೇಳುವವನಲ್ಲ, ಇಲ್ಲಿ ಬಾಳುವ ಮಕ್ಕಳಿಗೆ ಅದು ಬೇಕು. ಆದರೆ ಒಂದು ಬಾವಿ ತೋಡಲು ಗ್ರಾಮಸಭೆಯನ್ನು ಕೇಳುವ ರಾಜ್ಯ, ಮಗುವಿನ ನಾಲಗೆಯ ವಿಷಯದಲ್ಲಿ ಕೇಳಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆ ಮೂರನೆಯ ಬಾಗಿಲು. ಸರಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ರಕ್ಷಕರು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಆ ಸಮಿತಿಯ ಕೆಲಸ. ಕರ್ನಾಟಕದ ಸ್ನೇಹಿತರಿಗೆ ಇದು ಹೊಸತಲ್ಲ, ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲೇ ಅಲ್ಲಿ ಎಸ್.ಡಿ.ಎಂ.ಸಿ.ಗಳು ಬಂದಿದ್ದವು. ಕೇರಳದಲ್ಲಿ 2017ರ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞದ ನಂತರ ಪ್ರತಿಯೊಂದು ಶಾಲೆಯೂ ಅಕಾಡೆಮಿಕ್ ಮಾಸ್ಟರ್ ಪ್ಲಾನ್ ಬರೆಯಬೇಕಾಯಿತು. ಕಟ್ಟಡ ಬಿಟ್ಟು ಕಲಿಕೆಯ ಬಗ್ಗೆ ಊರವರ ಎದುರು ಬರೆಯಲು ಸಿಕ್ಕಿದ ಅವಕಾಶ ಅದು.

ಹಾಗಾದರೆ ನಾವು ಏನು ಮಾಡಬೇಕು? ಅಧಿಕಾರ ಇಲ್ಲದಲ್ಲಿ ಯಾಕೆ ಹೋಗಬೇಕು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ನೇಮಕದ ಅಧಿಕಾರ ಗ್ರಾಮಸಭೆಗಿಲ್ಲ, ನಿಜ. ಆದರೆ ಗ್ರಾಮಸಭೆಯ ನಿರ್ಣಯ ಒಂದು ದಾಖಲೆ. ನಮ್ಮ ವಾರ್ಡಿನಲ್ಲಿ ಮುಂದಿನ ಜೂನ್ ತಿಂಗಳಿಗೆ ಒಂದನೇ ತರಗತಿಗೆ ಬರುವ ಮಕ್ಕಳೆಷ್ಟು, ಅವರಲ್ಲಿ ಕನ್ನಡ ಮಾಧ್ಯಮ ಬೇಕೆನ್ನುವವರೆಷ್ಟು, ಯಾವ ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರ ಹುದ್ದೆ ಖಾಲಿ ಇದೆ ಎಂದು ಊರವರೇ ಎಣಿಸಿ, ಬರೆದು, ನಿರ್ಣಯ ಮಾಡಿಸಿದರೆ ಎ.ಇ.ಒ. ಕಚೇರಿಗೂ ಭಾಷಾ ಅಲ್ಪಸಂಖ್ಯಾತರ ಅಧಿಕಾರಿಗಳಿಗೂ ಕೊಡಲು ಕೈಯಲ್ಲೊಂದು ಕಾಗದ ಇರುತ್ತದೆ. ಆರನೇ ದಿನದ ಎಣಿಕೆಯವರೆಗೆ ಕಾಯದೆ ಆರು ತಿಂಗಳು ಮೊದಲೇ ನಾವೇ ಎಣಿಸಬೇಕು. ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಗೋಡೆ, ಗೇಟಿನ ಜತೆಗೆ 'ಕಲಿಕೆಯ ಭಾಷೆ' ಎಂಬ ಒಂದು ಪುಟ ಇರಬೇಕು. ಮಧೂರಿನ ನೆರೆಯಲ್ಲೇ ಮಾಯಿಪ್ಪಾಡಿಯ ಡಯಟ್ ಇದೆ, ಬರೆಯಲು ಸಹಾಯ ಕೇಳಲು ದೂರ ಹೋಗಬೇಕಾಗಿಲ್ಲ. ಗ್ರಾಮಸಭೆಯ ಕಲಾಪ ಕನ್ನಡದಲ್ಲೂ ನಡೆಯಲಿ, ನಡಾವಳಿ ಕನ್ನಡದಲ್ಲೂ ಓದಿ ಹೇಳಲಿ ಎಂದು ಕೇಳುವುದು ಜಗಳವಲ್ಲ.

ಗ್ರಾಮಸಭೆಗೆ ಕೋರಂ ಆಗಲು ಮತದಾರರಲ್ಲಿ ಹತ್ತರಲ್ಲೊಬ್ಬರು ಬಂದರೆ ಸಾಕು. ಆ ಹತ್ತನೆಯವರು ರಕ್ಷಕರಾಗಿರಲಿ. ಕೇರಳದ 14ನೇ ಪಂಚವಾರ್ಷಿಕ ಯೋಜನೆ 2022ರಿಂದ 2027ರವರೆಗಿನದು. ಮುಂದಿನದ್ದರ ಕರಡು ಬರೆಯುವಾಗ ಮೇಲೆ ಹೇಳಿದ ಆ ಪಟ್ಟಿ ನಮ್ಮ ಕೈಯಲ್ಲಿ ತಯಾರಿರಬೇಕು.