ಕೆರೆಯ ಗೋಡು: ಅಂದು ಗೊಬ್ಬರ, ಇಂದು?



ಊರಿನ ಚರಿತ್ರೆ ಎಂದರೆ ದೇವಸ್ಥಾನ, ವೀರಗಲ್ಲು, ಪಾಳೇಗಾರರ ಕಥೆ ಎಂಬುದು ವಾಡಿಕೆ. ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ನಾವು ಅದನ್ನು ಬೇರೆಯವರಿಗೆ ಬಿಟ್ಟು, ಕೆರೆಯ ತಳದಲ್ಲಿ ಕೂತಿರುವ ಕೆಸರಿನ ಚರಿತ್ರೆಯನ್ನು ಹೇಳಬೇಕೆಂದಿದ್ದೇವೆ. ಕೆಸರಿಗೆಂಥ ಚರಿತ್ರೆ ಎಂದು ನಗಬೇಡಿ. ನೀರು ಹರಿದು ಹೋಗುತ್ತದೆ, ಒಂದು ಒಳ್ಳೆ ಮಳೆ ಬಂದರೆ ಹೊಸದಾಗುತ್ತದೆ. ತಳದ ಮಣ್ಣು ಹಾಗಲ್ಲ. ಊರಿನವರು ಚರಂಡಿಗೆ ಬಿಟ್ಟದ್ದೆಲ್ಲ ಅಲ್ಲಿ ಜಮಾ ಆಗಿರುತ್ತದೆ. ನಮ್ಮ ಸಂಘಕ್ಕೆ ಲೆಡ್ಜರ್ ಹೇಗೋ ಕೆರೆಗೆ ಗೋಡು ಹಾಗೆ.

ಮೊದಲು ನೀರಿನ ದಾರಿಯನ್ನು ತಿಳಿಯೋಣ. ಬೆಂಗಳೂರಿನ ನಡುಭಾಗ ಮತ್ತು ದಕ್ಷಿಣದ ಬಹುಪಾಲು ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಅಮಾನಿಕೆರೆಗೆ ಇಳಿಯುತ್ತದೆ. ಅದರ ವಿಸ್ತೀರ್ಣ ಸುಮಾರು 900 ಎಕರೆ. ಅದರ ಕೋಡಿ ನೀರು ವರ್ತೂರು ಕೆರೆಗೆ. ಅದೂ 400 ಎಕರೆಗೆ ಮೀರಿದ್ದು. ಕುಂದಲಹಳ್ಳಿ, ಬ್ರೂಕ್‌ಫೀಲ್ಡ್ ಕಡೆಯ ಇಳಿಜಾರೂ ವರ್ತೂರಿನ ಕಡೆಗೇ. ಬ್ರೂಕ್ ಅಂದರೆ ತೊರೆ, ಫೀಲ್ಡ್ ಅಂದರೆ ಹೊಲ. ಹೆಸರಿನಲ್ಲಿ ಎರಡೂ ಇವೆ, ಬಡಾವಣೆಯಲ್ಲಿ ಹುಡುಕಬೇಕು ಅಷ್ಟೆ! ವರ್ತೂರಿನಿಂದ ಮುಂದೆ ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಈ ನದಿ ಹೊಸೂರಿನ ಹತ್ತಿರ ಕೆಲವರಪಲ್ಲಿ ಅಣೆಕಟ್ಟೆ ಸೇರಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟೆಗಳನ್ನು ದಾಟಿ, ಕಡಲೂರಿನ ಬಳಿ ಬಂಗಾಳಕೊಲ್ಲಿಗೆ ಬೀಳುತ್ತದೆ. ಅಂದರೆ ನಮ್ಮ ಮನೆಯ ಬಚ್ಚಲಿಗೂ ಸಮುದ್ರಕ್ಕೂ ನೇರ ಸಂಬಂಧವಿದೆ.

ವರ್ತೂರು ಕೆರೆ ಗಂಗರ ಕಾಲದ್ದು ಎಂದು ಹೇಳುತ್ತಾರೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರು ಬಿಡಲು ನೀರುಗಂಟಿ, ಹೀಗೆ ಎಲ್ಲಕ್ಕೂ ಒಂದು ಕಟ್ಟುಪಾಡು ಇತ್ತು. ಬೇಸಗೆಯಲ್ಲಿ ನೀರು ತಗ್ಗಿದಾಗ ಊರಿನವರು ಗಾಡಿ ಕಟ್ಟಿಕೊಂಡು ಕೆರೆಯಂಗಳಕ್ಕೆ ಇಳಿದು ಗೋಡು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲದಿಂದ ಮಳೆಯಲ್ಲಿ ಕೊಚ್ಚಿಹೋದ ಮಣ್ಣು ಮತ್ತೆ ಹೊಲಕ್ಕೇ ಬರುತ್ತಿತ್ತು. ಕೆರೆಗೆ ಆಳ ಸಿಕ್ಕಿತು, ರಾಗಿಗೆ ಗೊಬ್ಬರ ಸಿಕ್ಕಿತು. ಯಾರೂ ಯಾರಿಗೂ ಬಿಲ್ಲು ಬರೆಯಲಿಲ್ಲ. ಇದಕ್ಕಿಂತ ದೊಡ್ಡ ಸಹಕಾರ ತತ್ವ ಯಾವುದಿದೆ ಹೇಳಿ?

ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳ್ಳಂದೂರು ಕೆರೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು ಎಂದರೆ ಇಂದಿನ ಮಕ್ಕಳು ನಂಬಲಾರರು. 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲಿನಾ ಎಂಬ ನೀರ್ವಿಮಾನಗಳಿಗೆ ಆ ಕೆರೆಯೇ ನಿಲ್ದಾಣ. ನೀರು ಅಷ್ಟು ವಿಶಾಲವಾಗಿ, ಅಷ್ಟು ತೆರೆದಿತ್ತು.

ಬದಲಾವಣೆ ಬಂದದ್ದು ಎಲ್ಲಿಂದ? ಕೊಳಚೆಯಿಂದ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕೊಳಚೆ ಬಂದದ್ದು ಕುಡಿಯುವ ನೀರಿನ ಬೆನ್ನ ಹಿಂದೆ. 1964ರಲ್ಲಿ ಬೆಂಗಳೂರು ಜಲಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿಯ ಮೊದಲನೇ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್ ನೀರು ನಗರಕ್ಕೆ ಬಂತು. ಆಮೇಲೆ ಹಂತದ ಮೇಲೆ ಹಂತ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತ ಒಂದೇ ದಿನಕ್ಕೆ 77.5 ಕೋಟಿ ಲೀಟರಿನದು, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಎಂಜಿನಿಯರುಗಳ ಲೆಕ್ಕದಲ್ಲಿ ನಲ್ಲಿಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಭಾಗ ಚರಂಡಿಗೆ ಹೋಗುತ್ತದೆ. ನೀರು ತರುವ ಪೈಪು ಬೇಗ ಬಂತು, ಕೊಳಚೆ ಒಯ್ಯುವ ಪೈಪು, ಶುದ್ಧೀಕರಿಸುವ ಘಟಕ ತಡವಾಗಿ ಬಂದವು. ನಡುವಿನ ವರ್ಷಗಳಲ್ಲಿ ರಾಜಕಾಲುವೆಯೇ ಒಳಚರಂಡಿಯಾಯಿತು. ನಗರದ ಕೊಳಚೆಯಲ್ಲಿ ಶೇಕಡ 40ರಷ್ಟು ಬೆಳ್ಳಂದೂರಿಗೆ ಬರುತ್ತಿತ್ತೆಂದು ಅಂದಾಜು.

ಕಾನೂನು ಇರಲಿಲ್ಲವೇ? ಇತ್ತು. ಕಾವೇರಿ ನೀರು ಬಂದ ಅದೇ 1974ರಲ್ಲಿ ಜಲಮಾಲಿನ್ಯ ತಡೆ ಕಾಯಿದೆಯೂ ಬಂತು. 1980ರ ದಶಕದ ಮಧ್ಯದಲ್ಲಿ ಕೆರೆಗಳ ರಕ್ಷಣೆಗೆಂದು ಎನ್. ಲಕ್ಷ್ಮಣ ರಾವ್ ಸಮಿತಿಯನ್ನು ಸರ್ಕಾರ ನೇಮಿಸಿತು. ಕೆರೆ ಒಡೆಯಬೇಡಿ, ಕೊಳಚೆ ಬಿಡಬೇಡಿ ಎಂದು ಸಮಿತಿ ಹೇಳಿತು. ಅಷ್ಟರಲ್ಲೇ ವೈಟ್‌ಫೀಲ್ಡ್ ಕಡೆ ರಫ್ತು ಕೈಗಾರಿಕಾ ಪ್ರದೇಶ, 1990ರ ದಶಕದ ಕೊನೆಗೆ ಐಟಿ ಪಾರ್ಕು, ಅದರ ಹಿಂದೆಯೇ ಅಪಾರ್ಟ್‌ಮೆಂಟುಗಳು ಬಂದವು. ಜಮೀನಿಗೆ ಬೆಲೆ ಬಂತು. ಮಾರಿದವರಲ್ಲಿ ನಾವೂ ಇದ್ದೇವೆ, ಸುಳ್ಳೇಕೆ ಹೇಳಬೇಕು?

ಈಗ ಮಣ್ಣಿಗೆ ಬರೋಣ. ಕೊಳಚೆಯಲ್ಲಿ ಬಂದ ಮಲಮೂತ್ರ, ಅನ್ನದ ಗಂಜಿ ಕಾಲ ಕಳೆದಂತೆ ಕೊಳೆತು ಹೋಗುತ್ತವೆ. ಎರಡು ಬಗೆಯ ವಸ್ತು ಮಾತ್ರ ಹೋಗುವುದಿಲ್ಲ. ಒಂದು, ರಂಜಕ. ಬಟ್ಟೆ ತೊಳೆಯುವ ಪುಡಿಯಿಂದ, ಮಲಮೂತ್ರದಿಂದ ಬರುವ ಫಾಸ್ಫೇಟು ತಳದ ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಆ ಅಂಟು ಬಿಡುತ್ತದೆ, ಫಾಸ್ಫೇಟು ಮತ್ತೆ ನೀರಿಗೆ ಬರುತ್ತದೆ, ಅಂತರಗಂಗೆ ಕಳೆ ಹಬ್ಬುತ್ತದೆ. ಅಂದ್ರೆ ಇವತ್ತು ಕೊಳಚೆ ನಿಲ್ಲಿಸಿದರೂ ಹಳೇ ಬಾಕಿ ತಳದಿಂದ ಮೇಲೇಳುತ್ತಲೇ ಇರುತ್ತದೆ. ಎರಡನೆಯದು, ಭಾರ ಲೋಹಗಳು. ಲೇಪನದ ಕಾರ್ಖಾನೆಗಳ ಕ್ರೋಮಿಯಂ, ಸತು, ಬ್ಯಾಟರಿಯ ಸೀಸ, ಕ್ಯಾಡ್ಮಿಯಂ ಇವು ನಯವಾದ ಜೇಡಿಮಣ್ಣಿನ ಕಣಕ್ಕೆ ಹತ್ತಿಕೊಂಡು ಕೆಳಗೆ ಕೂರುತ್ತವೆ. ಲೋಹ ಕೊಳೆಯುವುದಿಲ್ಲ. ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಆದರೆ ಅದಕ್ಕೆ ಮುಂಚೆ ರಸ್ತೆಯ ಧೂಳಿನಿಂದ ಮಳೆಯಲ್ಲಿ ತೊಳೆದು ಬಂದ ಸೀಸ ಕರಗಿ ಮಾಯವಾಗುವಂಥದ್ದಲ್ಲ. ಖಾತೆ ಮುಚ್ಚಿದರೂ ಬಾಕಿ ಇದ್ದೇ ಇದೆ.

ಕೊನೆಗೆ ಕೆರೆಯೇ ಬಾಯಿ ಬಿಟ್ಟು ಹೇಳಿತು. 2015ರಲ್ಲಿ ವರ್ತೂರು ಕೋಡಿಯಿಂದ, ಯಮಲೂರಿನಿಂದ ನೊರೆ ಎದ್ದು ರಸ್ತೆಗೆ ಹಾರಿತು. ಅದೇ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು. ಒಣಗಿದ ಕಳೆ, ಸುರಿದ ಕಸ, ತೇಲುವ ಎಣ್ಣೆ, ಗೋಡು ಕೊಳೆತು ಏಳುವ ಮೀಥೇನ್ ಅನಿಲ, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ತಜ್ಞರು ಚರ್ಚಿಸಿದರು. ಹಸಿರು ನ್ಯಾಯಮಂಡಳಿ 2017ರಲ್ಲಿ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಅಂದಿನ ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿ, ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ನೇತೃತ್ವದಲ್ಲಿ ಉಸ್ತುವಾರಿ ಸಮಿತಿ ರಚಿಸಿತು. ಆಮೇಲೆ ಕೊಳಚೆಯನ್ನು ಕೆರೆಯ ಪಕ್ಕದ ಕಾಲುವೆಗೆ ತಿರುಗಿಸಿ, ನೀರು ಬಸಿದು, ಹೂಳು ತೆಗೆಯುವ ಕೆಲಸವನ್ನು ಬಿಡಿಎ ಕೈಗೆತ್ತಿಕೊಂಡಿತು.

ಒಳ್ಳೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಪಕ್ಕಕ್ಕೆ ತಿರುಗಿಸಿದ ಕೊಳಚೆ ಆವಿಯಾಗಿ ಹೋಗುವುದಿಲ್ಲ, ಕೆಳಗಿನ ಊರಿಗೆ ಹೋಗುತ್ತದೆ. ಕೆಲವರಪಲ್ಲಿ ಅಣೆಕಟ್ಟೆಯಲ್ಲಿ ನೊರೆ ಕಂಡು ಹೊಸೂರಿನ ರೈತರು ಬೆಂಗಳೂರಿನ ಕಡೆ ಬೆರಳು ತೋರಿಸಿದ್ದಾರೆ. 2018ರಲ್ಲಿ ಇದೇ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಿದಾಗ, ಲಕ್ಷ್ಮೀಸಾಗರ ಕೆರೆಯಲ್ಲಿ ಕೆಲವೇ ವಾರಗಳಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ ಹೋಯಿತು. ಬರಡಾಗಿದ್ದ ಕೋಲಾರಕ್ಕೆ ನೀರು ಬೇಕಿತ್ತು, ನಿಜ. ಆದರೂ ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂಬ ಅಲ್ಲಿಯವರ ಬೇಡಿಕೆಯಲ್ಲಿ ತಪ್ಪೇನಿದೆ?

ಕೊನೆಗೆ ಎಲ್ಲವೂ ಸಮುದ್ರಕ್ಕೆ ಸೇರಿ ಕರಗುತ್ತದೆ ಬಿಡಿ ಎನ್ನುವವರಿಗೆ ಒಂದು ಮಾತು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1940ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗೆ ಒಂದು ಡಿ.ಡಿ.ಟಿ. ಕಾರ್ಖಾನೆಯ ತ್ಯಾಜ್ಯ ಊರಿನ ಒಳಚರಂಡಿಯ ಮೂಲಕವೇ ಸಮುದ್ರಕ್ಕೆ ಹೋಯಿತು. 1972ರಲ್ಲಿ ಆ ದೇಶ ಡಿ.ಡಿ.ಟಿ. ನಿಷೇಧಿಸಿತು. ಅರ್ಧ ಶತಮಾನ ಕಳೆದರೂ ಪಾಲೋಸ್ ವರ್ಡೆಸ್ ಕಡಲ ತಳದ ಕೆಸರಿನಲ್ಲಿ ಅದು ಕೂತಿದೆ, ಅಲ್ಲಿಯ ಕೆಲವು ಮೀನು ತಿನ್ನಬೇಡಿ ಎಂಬ ಎಚ್ಚರಿಕೆಯೂ ಉಳಿದಿದೆ. ಅಷ್ಟು ದೊಡ್ಡ ಸಮುದ್ರಕ್ಕೇ ಅರಗಿಸಿಕೊಳ್ಳಲು ಆಗಲಿಲ್ಲ ಎಂದಮೇಲೆ ನಮ್ಮ ವರ್ತೂರು ಕೆರೆಯ ಪಾಡೇನು?

ಇದೆಲ್ಲ ನಮಗೇಕೆ ಎನ್ನುವಂತಿಲ್ಲ. ಈ ಕೆರೆಗಳ ಅಂಗಳದ ಹುಲ್ಲು ಕೊಯ್ದು ದನಕ್ಕೆ ಹಾಕಿದ್ದೇವೆ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು ಪೇಟೆಗೆ ಹೋಗಿದೆ, ಪೇಟೆಯಿಂದ ನಮ್ಮ ಸಾರಿಗೇ ಬಂದಿದೆ. ಸೊಪ್ಪುಗಳು ಕ್ಯಾಡ್ಮಿಯಂ ಹೀರುವುದರಲ್ಲಿ ಮುಂದು. ಇನ್ನು ಕೆರೆ ಗೋಡು ಎಂದರೆ ಹಿರಿಯರ ಕಾಲದಿಂದ ನಮಗೆ ಆಸೆ. ಲಾರಿಯವನು ಬಿಟ್ಟಿ ತಂದು ಸುರಿಯುತ್ತೇನೆ ಎಂದರೆ ಬೇಡ ಎನ್ನಲು ಮನಸ್ಸು ಬಾರದು. ಆದರೆ ಒಂದು ಸಲ ಹೊಲಕ್ಕೆ ಬಿದ್ದ ಸೀಸವನ್ನು ಮೊಮ್ಮಕ್ಕಳ ಕಾಲಕ್ಕೂ ಆರಿಸಿ ತೆಗೆಯಲಾಗದು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಪರೀಕ್ಷೆಯಾಗದ ಗೋಡನ್ನು ಹೊಲಕ್ಕೆ ಹಾಕಬೇಡಿ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ನೋಡುತ್ತಾರೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ನೋಡಿ ಎಂದು ಬಾಯಿ ಬಿಟ್ಟು ಕೇಳಬೇಕು. ಒಬ್ಬೊಬ್ಬರಿಗೆ ಅದರ ಖರ್ಚು ಭಾರ, ಸಂಘಕ್ಕೆ ಭಾರವಲ್ಲ. ಸಾಲ, ಗೊಬ್ಬರ, ಬಿತ್ತನೆಗೆ ಒಟ್ಟಾಗಿ ಕೈ ಚಾಚಿದ ನಾವು ಇದಕ್ಕೂ ಒಟ್ಟಾಗಬಹುದಲ್ಲ? ಹಾಗೆಯೇ ಗ್ಯಾರೇಜಿನ ಎಣ್ಣೆ, ಬ್ಯಾಟರಿ ಆಸಿಡ್ಡು ಚರಂಡಿಗೆ ಬೀಳದಂತೆ ನೋಡಿಕೊಳ್ಳೋಣ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಎಷ್ಟು ನಿಜವೋ ವಿಷಕ್ಕೂ ಅಷ್ಟೇ ನಿಜ.

ಹಿರಿಯರು ನಮಗೆ ಕೊಟ್ಟ ಲೆಡ್ಜರಿನಲ್ಲಿ ಜಮಾ ಇತ್ತು. ನಾವು ಅದನ್ನು ಬಾಕಿಗೆ ಇಳಿಸಿದ್ದೇವೆ. ಮುಂದಿನ ಹಬ್ಬದ ಸಂಚಿಕೆ ಬರೆಯುವ ಮಕ್ಕಳು ಕೆರೆಯ ತಳಕ್ಕೆ ಕೈ ಹಾಕಿ ಹಿಡಿ ಮಣ್ಣು ಎತ್ತಿದಾಗ ಅದು ಬರೀ ಮಣ್ಣಾಗಿರಲಿ.