ದೆಹಲಿ ಬೇಡ ಅಂದಿದ್ದು, ಕೊಲಂಬೋ ಹಾಕಿದ್ದು: ಎರಡು ದೇಶದ ರೇಡಿಯೋ ಕಥೆ

📻 ಭಾಗ 1/7
ಫ್ರೆಂಡ್ಸ್, ಈ ಸಲದ ಇತಿಹಾಸ ಸರಣಿ ರೇಡಿಯೋ ಬಗ್ಗೆ. 1953ರಲ್ಲಿ ನಮ್ಮ ಗೌರಿಬಿದನೂರು ಕಡೆ ಯಾರಿಗಾದ್ರೂ ರೇಡಿಯೋದಲ್ಲಿ ಸಿನಿಮಾ ಹಾಡು ಬೇಕು ಅನ್ನಿಸಿದ್ರೆ ಮುಳ್ಳು ತಿರುಗಿಸ್ಬೇಕಾಗಿದ್ದು ಬೇರೆ ದೇಶದ ಸ್ಟೇಷನ್‌ಗೆ. ಹೌದು, ನಮ್ಮ ದೇಶದ ಹಾಡು, ನಮ್ಮ ದೇಶದ ಗಾಯಕರು, ಆದ್ರೆ ಪ್ರಸಾರ ಆಗ್ತಿದ್ದಿದ್ದು ಸಿಲೋನ್‌ನಿಂದ, ಅಂದ್ರೆ ಇವತ್ತಿನ ಶ್ರೀಲಂಕಾದಿಂದ.
ಕುಡುಮಲಕುಂಟೆಯಿಂದ ದೆಹಲಿ ನೇರ ಗೆರೆ ಎಳೆದ್ರೂ 1,600 ಕಿ.ಮೀ. ದಾಟುತ್ತೆ. ಕೊಲಂಬೋ ಸುಮಾರು 800 ಕಿ.ಮೀ. ಆದ್ರೆ ಕಾರಣ ದೂರ ಅಲ್ಲ. ಒಂದು ಸರ್ಕಾರ ಜನ ಏನು ಕೇಳ್ಬೇಕು ಅಂತ ತೀರ್ಮಾನ ಮಾಡ್ತು. ಇನ್ನೊಂದು ಕಡೆ ಅದೇ ಜನಕ್ಕೆ ಏನು ಬೇಕು ಅಂತ ಕೇಳಿದ್ರು. ಅಲ್ಲಿಂದ ಕಥೆ ಶುರು.

ಭಾಗ 2/7: ಮೊದಲು ನಮ್ಮ ಮೈಸೂರು
ರೇಡಿಯೋ ಅಂದ ತಕ್ಷಣ ಸರ್ಕಾರ ಅಂತ ಅಂದ್ಕೋತೀವಿ. ಮೈಸೂರಲ್ಲಿ ಹಾಗಿರ್ಲಿಲ್ಲ. ಮಹಾರಾಜಾ ಕಾಲೇಜಲ್ಲಿ ಮನಶ್ಶಾಸ್ತ್ರ ಹೇಳಿಕೊಡ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರ ಶುರು ಮಾಡಿದ್ರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೋಗೆ ಇದೇ ಹೆಸರು ಬಂತು.
ಆ ಕೇಂದ್ರ ನಗರಸಭೆಗೆ ಹೋಯ್ತು, ಆಮೇಲೆ ಸಂಸ್ಥಾನದ ಕೈಗೆ, 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ. ಅದೇ ವರ್ಷ ಜನವರಿ 8ಕ್ಕೆ ಧಾರವಾಡ ಕೇಂದ್ರ ಹುಟ್ಟಿತು. ಬೆಂಗಳೂರು ಕೇಂದ್ರ ಬಂದಿದ್ದು 1955ರ ನವೆಂಬರ್‌ನಲ್ಲಿ.
ಒಂದು ವಿಷಯ ಗಮನಿಸಿ: ಇಷ್ಟು ಹೊತ್ತಿಗೆ ರೇಡಿಯೋದ ಎಲ್ಲ ದಾರಿಗಳೂ ದೆಹಲಿಗೆ ಸೇರಿದ್ವು. ಅಲ್ಲಿ ಕೂತ ಒಬ್ಬ ಮಂತ್ರಿಯ ಅಭಿರುಚಿ ಬದಲಾದ್ರೆ ಮೈಸೂರಲ್ಲೂ ಹಾಡು ಬದಲಾಗ್ತಿತ್ತು.

ಭಾಗ 3/7: 1952, ಕೇಸ್ಕರ್ ಬಂದ್ರು
ಆ ಮಂತ್ರಿ ಬಿ.ವಿ. ಕೇಸ್ಕರ್. 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಖಾತೆ ಅವರದ್ದು. ಶಾಸ್ತ್ರೀಯ ಸಂಗೀತ ಗೊತ್ತಿದ್ದವರು. ಸಿನಿಮಾ ಹಾಡು ಕಿವಿ ಕೆಡಿಸುತ್ತೆ, ಪಾಶ್ಚಾತ್ಯ ಟ್ಯೂನ್ ಕದ್ದು ತಂದದ್ದು ಅನ್ನೋದು ಅವರ ನಿಲುವು.
‘ಕೇಸ್ಕರ್ ಸಿನಿಮಾ ಹಾಡು ಬ್ಯಾನ್ ಮಾಡಿದ್ರು’ ಅಂತ ರೀಲ್ಸ್‌ನಲ್ಲಿ ನೋಡಿರ್ತೀರ. ಪೂರ್ತಿ ಹಾಗಲ್ಲ. ರೇಡಿಯೋ ಸಿನಿಮಾ ಹಾಡಿನ ಹೊತ್ತನ್ನ ಕಡಿಮೆ ಮಾಡ್ತು, ಹಾಡುಗಳನ್ನ ಸೋಸೋಕೆ ಶುರು ಮಾಡ್ತು. ಜೊತೆಗೆ ಹಾಡು ಹಾಕುವಾಗ ಸಿನಿಮಾ ಹೆಸರು ಹೇಳೋದು ಬೇಡ, ಅದು ಜಾಹೀರಾತು ಆಗುತ್ತೆ ಅಂದ್ರು. ನಿರ್ಮಾಪಕರಿಗೆ ಸಿಟ್ಟು ಬಂತು. ಹಾಡು ಬಳಸೋ ಅನುಮತಿಯನ್ನೇ ವಾಪಸ್ ತಗೊಂಡ್ರು. ಇಬ್ಬರ ಜಗಳದಲ್ಲಿ ಹಾಡು ಗಾಳಿಯಿಂದ ಮಾಯ.
ಕೇಸ್ಕರ್ ಬರೋಕೆ ಮುಂಚೆನೂ ಈ ಗುಣ ಇತ್ತು. 1940ರಿಂದಲೇ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ ನಿಷೇಧ ಆಗಿತ್ತು! ನಮ್ಮ ನಾಟಕ ಕಂಪನಿಗಳ ಉಸಿರಾಗಿದ್ದ ವಾದ್ಯ ಸುಮಾರು 30 ವರ್ಷ ಸ್ಟುಡಿಯೋ ಬಾಗಿಲ ಹೊರಗೇ ಇತ್ತು.

ಭಾಗ 4/7: ಅದೇ ವರ್ಷ, ಸಮುದ್ರದ ಆಚೆ
ಎರಡನೇ ಮಹಾಯುದ್ಧದಲ್ಲಿ ಮೌಂಟ್‌ಬ್ಯಾಟನ್ ಅವರ ಸೇನಾ ಕೇಂದ್ರ ಸಿಲೋನಿನ ಕ್ಯಾಂಡಿಯಲ್ಲಿತ್ತು. ಸೈನಿಕರಿಗೋಸ್ಕರ ಅಲ್ಲಿ ಭಾರೀ ಶಕ್ತಿಯ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ನಿಲ್ಲಿಸಿದ್ರು. ಯುದ್ಧ ಮುಗೀತು, ಸೈನಿಕರು ಹೋದ್ರು, ಯಂತ್ರ ಉಳೀತು. ಅದು ರೇಡಿಯೋ ಸಿಲೋನ್ ಪಾಲಾಯ್ತು.
ದ್ವೀಪ ಚಿಕ್ಕದು, ಟ್ರಾನ್ಸ್‌ಮಿಟರ್ ದೊಡ್ಡದು. ಏನ್ಮಾಡೋದು? 1950ರಲ್ಲಿ ವಾಣಿಜ್ಯ ವಿಭಾಗ ಶುರು ಮಾಡಿ ಜಾಹೀರಾತು ಮಾರಿದ್ರು. ಕೇಳುಗರು ಎಲ್ಲಿ? ಭಾರತದಲ್ಲಿ. ಅವರಿಗೇನು ಬೇಕು? ಸಿನಿಮಾ ಹಾಡು.
1952ರ ಡಿಸೆಂಬರ್‌ನಲ್ಲಿ ‘ಬಿನಾಕಾ ಗೀತ್‌ಮಾಲಾ’ ಶುರುವಾಯ್ತು. ಬುಧವಾರ ರಾತ್ರಿ 8ಕ್ಕೆ. ಬಿನಾಕಾ ಅಂದ್ರೆ ಟೂತ್‌ಪೇಸ್ಟ್, ಮಾಡ್ತಿದ್ದಿದ್ದು ಸ್ವಿಸ್ ಕಂಪನಿ. ನಿರೂಪಕ ಅಮೀನ್ ಸಯಾನಿ ಕೂತಿದ್ದು ಬೊಂಬಾಯಲ್ಲಿ. ಅಲ್ಲಿ ರೆಕಾರ್ಡ್ ಮಾಡಿದ ಟೇಪು ವಿಮಾನದಲ್ಲಿ ಕೊಲಂಬೋಗೆ ಹೋಗಿ, ಅಲ್ಲಿಂದ ಅಲೆಗಳ ಮೇಲೆ ಮತ್ತೆ ಭಾರತಕ್ಕೆ ಬರ್ತಿತ್ತು! ಸಯಾನಿ ಆಮೇಲೆ ಹೇಳ್ಕೊಂಡ ಪ್ರಕಾರ ಮೊದಲ ಕಾರ್ಯಕ್ರಮಕ್ಕೇ 9,000 ಪತ್ರ ಬಂದಿದ್ವು.
ಇಲ್ಲಿ ರೇಡಿಯೋ ಇಟ್ಕೊಳ್ಳೋಕೆ ಪೋಸ್ಟ್ ಆಫೀಸಲ್ಲಿ ಲೈಸೆನ್ಸ್ ಫೀಸು ಕಟ್ಬೇಕಿತ್ತು. ಅಂದ್ರೆ ಫೀಸು ನಮ್ಮ ಸರ್ಕಾರಕ್ಕೆ, ಕಿವಿ ಸಿಲೋನ್‌ಗೆ.

ಭಾಗ 5/7: ಅಲೆ ಹೇಗೆ ಬರ್ತಿತ್ತು? ನಮ್ಮೂರಲ್ಲೇ ಉತ್ತರ ಇದೆ
ಶಾರ್ಟ್‌ವೇವ್ ಅಂದ್ರೆ 3ರಿಂದ 30 ಮೆಗಾಹರ್ಟ್ಸ್. ಈ ಅಲೆಗಳು ನೆಲದ ಗುಂಡಗಿನ ಜೊತೆ ಬಾಗಿ ಬರೋದಿಲ್ಲ. ಮೇಲೆ ಹೋಗಿ, ಅಯಾನುಗೋಳ ಅನ್ನೋ ಪದರಕ್ಕೆ ತಾಗಿ, ಚೆಂಡು ಗೋಡೆಗೆ ಬಡಿದ ಹಾಗೆ ವಾಪಸ್ ಕೆಳಗೆ ಬೀಳ್ತವೆ. ಹಾಗಾಗಿ ಅಲೆಗೆ ಗಡಿ ಇಲ್ಲ, ಪಾಸ್‌ಪೋರ್ಟೂ ಇಲ್ಲ. ಆ ಪದರ ಗಂಟೆಗಂಟೆಗೂ ಬದಲಾಗೋದ್ರಿಂದ ದನಿ ಹತ್ತಿರ ಬಂದು, ದೂರ ಹೋಗಿ, ಅಲೆ ಅಲೆಯಾಗಿ ಕೇಳಿಸ್ತಿತ್ತು.
ನಮ್ಮ ಗೌರಿಬಿದನೂರಿನ ಹತ್ತಿರ ಕೋಟಾಲದಿನ್ನೆಯಲ್ಲಿ ರೇಡಿಯೋ ದೂರದರ್ಶಕ ಇದೆಯಲ್ಲ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ್ದು? 1,000 ಡೈಪೋಲ್ ಆಂಟೆನಾಗಳನ್ನ ಇಂಗ್ಲಿಷ್ ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ್ರು. ಅದು ಕೇಳ್ತಿದ್ದಿದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಅಂದ್ರೆ ಶಾರ್ಟ್‌ವೇವ್‌ನ ಮೇಲಿನ ಅಂಚಿಗೆ ಸ್ವಲ್ಪ ಆಚೆ. ಅಲ್ಲಿ ಅಯಾನುಗೋಳ ಬಹುಮಟ್ಟಿಗೆ ಬಾಗಿಲು ತೆಗೆದಿರುತ್ತೆ, ಅದಕ್ಕೇ ನಕ್ಷತ್ರಲೋಕದ ಅಲೆ ಒಳಗೆ ಬರುತ್ತೆ. ಬಾಗಿಲು ಮುಚ್ಚಿದ್ರೆ ಕೊಲಂಬೋ ಕೇಳಿಸುತ್ತೆ, ತೆಗೆದ್ರೆ ಆಕಾಶಗಂಗೆ. ಸಖತ್ ಅಲ್ವಾ?

ಭಾಗ 6/7: ಹಾಗಾದ್ರೆ ಸಿಲೋನ್ ಒಳ್ಳೇದು, ನಾವು ಕೆಟ್ಟವರಾ?
ಇಲ್ಲೇ ಕಥೆಗೆ ತಿರುವು. 1952ರಲ್ಲೇ ರೇಡಿಯೋ ಸಿಲೋನ್ ತನ್ನ ಸಿಂಹಳ ಕಲಾವಿದರನ್ನ ಪರೀಕ್ಷೆ ಮಾಡೋಕೆ ಒಬ್ಬ ಭಾರತೀಯ ವಿದ್ವಾಂಸರನ್ನ ಕರೆಸ್ತು. ಅವರು ಎಸ್.ಎನ್. ರಾತಂಜನ್‌ಕರ್, ಲಖ್ನೋ ಸಂಗೀತ ಕಾಲೇಜಿನವರು. ನಮ್ಮ ಬೈಲಹೊಂಗಲದಲ್ಲಿ ಹುಟ್ಟಿದ ಕೆ.ಜಿ. ಗಿಂಡೆ ಇವರ ಶಿಷ್ಯರೇ. ಇದೇ ರಾತಂಜನ್‌ಕರ್ ಕೇಸ್ಕರ್ ಕಾಲದಲ್ಲಿ ಇಲ್ಲಿನ ಆಡಿಷನ್ ಮಂಡಳಿಯಲ್ಲೂ ಮುಖ್ಯರಾಗಿದ್ರು. ಎರಡು ದೇಶ, ಪರೀಕ್ಷೆ ಮಾಡಿದವರು ಒಬ್ಬರೇ!
ಸಿಲೋನಿನ ಜನಪ್ರಿಯ ಗಾಯಕ ಸುನಿಲ್ ಶಾಂತ ‘ನನ್ನ ಸಿಂಹಳ ಹಾಡನ್ನ ಉತ್ತರ ಭಾರತದ ಅಳತೆಕೋಲಲ್ಲಿ ಯಾಕೆ ಅಳೀಬೇಕು’ ಅನ್ನೋ ನಿಲುವಲ್ಲಿ ಆಡಿಷನ್‌ಗೆ ಹೋಗ್ಲಿಲ್ಲ. ರೇಡಿಯೋ ಅವರಿಗೆ ಬಾಗಿಲು ಮುಚ್ಚಿತು. ಅಂದ್ರೆ ಹೊರಗಿನವರಿಗೆ ಬೇಕಾದ್ದು ಹಾಕೋ ಸ್ಟೇಷನ್, ತನ್ನವರ ಹಾಡಿಗೆ ಮಾತ್ರ ಪರೀಕ್ಷೆ ಇಡ್ತು. ನಮ್ಮವರಿಗೆ ಕೊಟ್ಟಿದ್ದು ವ್ಯಾಪಾರ, ಅವರ ಜನಕ್ಕೆ ಕೊಟ್ಟಿದ್ದು ಸಂಸ್ಕೃತಿ ಪಾಠ.
ಇತ್ತ ಕೇಸ್ಕರ್ ಕಾಲದ ಲಾಭವನ್ನೂ ಹೇಳ್ಬೇಕು. ರಾಜರು ಹೋದ್ಮೇಲೆ ಶಾಸ್ತ್ರೀಯ ಕಲಾವಿದರಿಗೆ ಅನ್ನ ಕೊಟ್ಟಿದ್ದು ಆಕಾಶವಾಣಿ. ಧಾರವಾಡ ಕೇಂದ್ರದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ರು. ಸಿನಿಮಾ ಹಾಡು ಬಿಟ್ಟ ಜಾಗಕ್ಕೆ ರೇಡಿಯೋ ‘ಸುಗಮ ಸಂಗೀತ’ ತಂತು. ನಮ್ಮ ಕವಿಗಳ ಭಾವಗೀತೆ ಹಳ್ಳಿ ಮನೆಗಳಿಗೂ ತಲುಪಿದ್ರಲ್ಲಿ ಬಾನುಲಿಯ ಕೈ ದೊಡ್ಡದು.

ಭಾಗ 7/7: ಕೊನೆಗೆ ಯಾರು ಗೆದ್ರು?
1957ರ ಅಕ್ಟೋಬರ್ 3ಕ್ಕೆ ಆಕಾಶವಾಣಿ ‘ವಿವಿಧ ಭಾರತಿ’ ಶುರು ಮಾಡ್ತು. ಸಿನಿಮಾ ಹಾಡು ವಾಪಸ್ ಬಂತು, ಅದೂ ಕೇಸ್ಕರ್ ಮಂತ್ರಿಯಾಗಿರುವಾಗಲೇ. 1967ರಲ್ಲಿ ಜಾಹೀರಾತೂ ಬಂತು. ಹತ್ತು ವರ್ಷದ ಒಳಗೆ ಹಾರ್ಮೋನಿಯಂಗೂ ಬಾಗಿಲು ತೆಗೀತು. ಅಷ್ಟರಲ್ಲಿ ಸಿಲೋನ್ ಕೇಳೋ ಅಭ್ಯಾಸ ಒಂದು ತಲೆಮಾರಿಗೇ ಅಂಟಿತ್ತು. ಗೀತ್‌ಮಾಲಾ 1980ರ ದಶಕದ ಕೊನೆವರೆಗೂ ಅಲ್ಲೇ ನಡೀತು.
ಆದ್ರೆ ಕನ್ನಡದ ಲೆಕ್ಕ ಬೇರೆ. ಕೊಲಂಬೋ ಗಾಳಿ ಹೊತ್ತನ್ನ ಕೊಳ್ತಿದ್ದಿದ್ದು ಟೂತ್‌ಪೇಸ್ಟ್, ಸೋಪು ಮಾರೋರು. ಅವರಿಗೆ ಬೇಕಾಗಿದ್ದು ದೊಡ್ಡ ಮಾರುಕಟ್ಟೆ, ಅಂದ್ರೆ ಹಿಂದಿ. ಕನ್ನಡ ಚಿತ್ರಗಳೇ ಆಗ ವರ್ಷಕ್ಕೆ ಬೆರಳೆಣಿಕೆ. ಹಾಗಾಗಿ ದೆಹಲಿ ಬಿಟ್ಟು ಕೊಲಂಬೋಗೆ ಹೋದ ಕನ್ನಡದ ಕಿವಿಗೆ ಸಿಕ್ಕಿದ್ದು ಹೆಚ್ಚಾಗಿ ಬೇರೆ ಭಾಷೆಯ ಹಾಡು. ಹಿಂದೂಪುರ ಪಕ್ಕದಲ್ಲೇ ಇರೋ ನಮ್ಮ ತಾಲ್ಲೂಕಿನವರಿಗೆ ತೆಲುಗು ಹಾಡು ಹೇಗೂ ಮನೆಯದ್ದೇ. ಕನ್ನಡ ಹಾಡು ಕೇಳ್ಬೇಕು ಅಂದ್ರೆ ಹೆಚ್ಚಾಗಿ ಸರ್ಕಾರಿ ಬಾನುಲಿಗೇ ಮರಳ್ಬೇಕಿತ್ತು.
ನನಗನ್ನಿಸೋದು ಇಷ್ಟು. ಅಭಿರುಚಿಯನ್ನ ಆದೇಶದಿಂದ ಬದಲಾಯಿಸೋಕೆ ಹೋದ್ರೆ ಜನ ಮುಳ್ಳು ತಿರುಗಿಸ್ತಾರೆ. ಮಾರುಕಟ್ಟೆಗೆ ಬಿಟ್ರೆ ದೊಡ್ಡ ಭಾಷೆ ಚಿಕ್ಕ ಭಾಷೆಯನ್ನ ನುಂಗುತ್ತೆ. ಈಗ ನಮ್ಮ ಫೋನಲ್ಲಿ ಹಾಡು ಆರಿಸೋ ಆ್ಯಪ್‌ಗಳೂ ಒಂಥರಾ ಕೊಲಂಬೋನೇ: ಹೆಚ್ಚು ಜನ ಕೇಳಿದ್ದನ್ನೇ ಮತ್ತೆ ಮುಂದಿಡ್ತವೆ. ಅಂದಿನವರು ಎದ್ದು ಮುಳ್ಳು ತಿರುಗಿಸ್ತಿದ್ರು. ನಾವು ಕನ್ನಡ ಹಾಡಿನ ಹೆಸರು ನಾವೇ ಟೈಪ್ ಮಾಡಿ ಹುಡುಕ್ಬೇಕು, ಕೆಲಸ ಅಷ್ಟೇ.
ಮನೇಲಿ 70 ದಾಟಿದ ಅಜ್ಜ, ಅಜ್ಜಿ ಇದ್ರೆ ಈ ಭಾನುವಾರ ಕೇಳಿ: ‘ಯಾವ ಸ್ಟೇಷನ್ ಹಾಕ್ತಿದ್ರಿ?’ ಅವರು ಹೇಳಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಇದು ಯಾವ ಪಠ್ಯಪುಸ್ತಕದಲ್ಲೂ ಸಿಗಲ್ಲ.

#ನಮ್ಮಇತಿಹಾಸ #ರೇಡಿಯೋಸಿಲೋನ್ #ಆಕಾಶವಾಣಿ #ಗೌರಿಬಿದನೂರು #ಕುಡುಮಲಕುಂಟೆ